ಮನೆ ಬೆಚ್ಚಗಿಡುವ ನೀರು

ಇಂಗ್ಲೆಂಡಿನ ಚಳಿಗಾಲದಲ್ಲಿ ನನ್ನ ಹಳೆಯ ಮನೆಯನ್ನು ಬೆಚ್ಚಗಿಡುವುದು ನೀರು. ಬಾಯ್ಲರಿನಲ್ಲಿ ಕಾದು, ಪಂಪಿನ ಬಲದಿಂದ ಕೋಣೆ ಕೋಣೆಯ ರೇಡಿಯೇಟರುಗಳನ್ನು ಸುತ್ತಿ, ಶಾಖವನ್ನಿತ್ತು ಅದು ಮರಳುತ್ತದೆ. ದೋಷವನ್ನರಿಯಲು ನಾನು ಮೊದಲು ನೆಚ್ಚುವುದು ಅಂಗೈಯನ್ನು. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆಯೆಂದರ್ಥ. ಯಂತ್ರವನ್ನು ನಿಲ್ಲಿಸಿ, ಆರಿದ ಮೇಲೆ ಮೇಲಿನ ತಿರುಪನ್ನು ಕೊಂಚ ಸಡಿಲಿಸಬೇಕು. ಗಾಳಿ ಬುಸುಗುಟ್ಟಿ ಹೋಗಿ ನೀರು ಜಿನುಗಿದೊಡನೆ ಬಿಗಿಯಬೇಕು. ತಳ ತಣ್ಣಗಿದ್ದರೆ ಸಾಮಾನ್ಯವಾಗಿ ತುಕ್ಕಿನ ಕಪ್ಪು ಕೆಸರು ಕುಳಿತಿರುತ್ತದೆ. ಅದನ್ನು ತೊಳೆದು, ಹೊಸ ನೀರಿಗೆ ತುಕ್ಕುನಿರೋಧಕ ದ್ರಾವಣ ಬೆರೆಸಬೇಕು.

ಆದರೆ ಬಾಯ್ಲರಿನ ಗ್ಯಾಸ್ ಭಾಗವನ್ನು ನಾನು ಮುಟ್ಟುವುದಿಲ್ಲ. ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಆ ಕೆಲಸಕ್ಕೆ 2009ರಿಂದ ‘ಗ್ಯಾಸ್ ಸೇಫ್’ ನೋಂದಣಿಯುಳ್ಳವರನ್ನೇ ಕರೆಯಬೇಕು. ರಾತ್ರಿ ಬೆಚ್ಚಗಿದ್ದರೆ ಸಾಲದು, ಬೆಳಗ್ಗೆ ಏಳಲೂ ಬೇಕಷ್ಟೆ.