ನೆಲಮಾಳಿಗೆಯ ಕಛೇರಿ

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಮದುವೆಗಳಲ್ಲಿ ವಾಲಗದವರ ನಡುವೆ ಈಗ ಸ್ಯಾಕ್ಸೊಫೋನ್ ಅಪರೂಪವೇನಲ್ಲ. ಧಾರೆಯ ಹೊತ್ತಿನ ಗಟ್ಟಿಮೇಳ ಮುಗಿದೊಡನೆ ಜನ ಊಟದ ಪಂಕ್ತಿಗೆ ಧಾವಿಸುತ್ತಾರೆ. ವಾದಕರು ಬರಿಯ ಕುರ್ಚಿಗಳೆದುರು ರಾಗವನ್ನು ಮುಂದುವರಿಸುತ್ತಾರೆ. ಇಂಥ ಗದ್ದಲದಲ್ಲಿ ಸಂಗೀತ ಹುಟ್ಟೀತೇ ಎಂದು ಬಹುಕಾಲ ಮೂಗು ಮುರಿದವನು ನಾನು. ನನ್ನ ಈ ಅಭಿಪ್ರಾಯವನ್ನು ಅಲುಗಿಸಿದ್ದು ಒಂದು ಜಾಝ್ ಧ್ವನಿಮುದ್ರಿಕೆ.

ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ 1935ರಲ್ಲಿ ಆರಂಭವಾದ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೈಟ್‌ಕ್ಲಬ್ಬಿದೆ. ಮೆಟ್ಟಿಲಿಳಿದು ಹೋಗಬೇಕಾದ ಇಕ್ಕಟ್ಟಾದ ನೆಲಮಾಳಿಗೆ ಅದು. ಕೇಳುವವರ ಮುಂದಿನ ಮೇಜುಗಳ ಮೇಲೆ ಪಾನೀಯದ ಲೋಟಗಳು. 1961ರ ನವೆಂಬರ್ ಮೊದಲ ವಾರ ಜಾನ್ ಕೋಲ್ಟ್ರೇನ್ ಅಲ್ಲಿ ನುಡಿಸಿದ್ದನ್ನು ರೂಡಿ ವ್ಯಾನ್ ಗೆಲ್ಡರ್ ಮುದ್ರಿಸಿಕೊಂಡರು. ಮರುವರ್ಷ ಇಂಪಲ್ಸ್ ಕಂಪೆನಿ ಅದರಿಂದ ಮೂರು ರಚನೆಗಳನ್ನಾಯ್ದು ಪ್ರಕಟಿಸಿತು. ಗ್ರಾಮಫೋನ್ ತಟ್ಟೆಯ ಎರಡನೆಯ ಬದಿಯನ್ನೆಲ್ಲ ಆವರಿಸಿರುವುದು ‘ಚೇಸಿನ್ ದ ಟ್ರೇನ್’ ಒಂದೇ. ಸುಮಾರು 16 ನಿಮಿಷ.

ಅದರಲ್ಲಿ ಪಿಯಾನೊ ಮೌನ. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಭಾಗಗಳು ಕೂಡಿ ಒಂದು ಆವರ್ತನ. ಅದೇ ಮತ್ತೆ ಮತ್ತೆ ತಿರುಗಿ ಬರುತ್ತದೆ. ಅದರೊಳಗೆ ಕೋಲ್ಟ್ರೇನ್ ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು, ತಿರುಚಿ, ಕೊನೆಗೆ ನಾದವೇ ಸೀಳುವಷ್ಟು ಒತ್ತುತ್ತಾರೆ. ಎಲ್ವಿನ್ ಜೋನ್ಸರ ಡ್ರಮ್ ಅದನ್ನು ಕೆಣಕುತ್ತಲೇ ಇರುತ್ತದೆ. ಕಲ್ಪನಾಸ್ವರದ ವೇಳೆ ಮೃದಂಗದೊಡನೆ ನಡೆಯುವ ಜಿದ್ದನ್ನು ಬಲ್ಲ ನಮ್ಮ ಕಿವಿಗೆ ಇದು ತೀರ ಅಪರಿಚಿತವಲ್ಲ. ಸ್ಟುಡಿಯೊದಲ್ಲಾದರೆ ತಪ್ಪಿದ್ದನ್ನು ಮತ್ತೆ ನುಡಿಸಬಹುದು. ಇಲ್ಲಿ ಬಿಟ್ಟ ಉಸಿರು ಬಿಟ್ಟದ್ದೇ. ಎಲ್ಲರೂ ಮೆಚ್ಚಲಿಲ್ಲವೆನ್ನಿ. ಅದೇ ತಿಂಗಳ ‘ಡೌನ್‌ಬೀಟ್’ ಪತ್ರಿಕೆಯಲ್ಲಿ ಜಾನ್ ಟೈನನ್ ಕೋಲ್ಟ್ರೇನರ ಆ ಕಾಲದ ವಾದನವನ್ನು ಜಾಝ್‌ವಿರೋಧಿಯೆಂದು ಜರೆದಿದ್ದರು. ನನಗೂ ಮೊದಲು ಕೇಳಿದಾಗ ತಲೆ ಸಿಡಿಯಿತು.

ಕದ್ರಿ ಗೋಪಾಲನಾಥರ ದಾರಿ ಬೇರೆ. ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಗಮಕಕ್ಕೆ ಒಗ್ಗದ ಆ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿದರು. 1980ರ ಮುಂಬಯಿಯ ಜಾಝ್ ಯಾತ್ರಾದಲ್ಲಿ ಇವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ಪೂರ್ವಸಿದ್ಧತೆಯಿಲ್ಲದೆ ಜೊತೆಗೂಡಿ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಾಂತಪ್ಪನವರೊಡನೆ ‘ಕಿನ್ಸ್‌ಮೆನ್’ ಬಂತು. ಗೋಪಾಲನಾಥರು 2019ರಲ್ಲಿ ತೀರಿಕೊಂಡರು.

ಈಚೆಗೆ ಮದ್ದೂರಿನ ಒಂದು ಛತ್ರದಲ್ಲಿ ಮೊದಲ ಪಂಕ್ತಿಗೆ ಏಳದೆ ಕುಳಿತೆ. ಸ್ಯಾಕ್ಸೊಫೋನಿನವರು ಕಲ್ಯಾಣಿ ನುಡಿಸುತ್ತಿದ್ದರು. ಒಬ್ಬ ಕೇಳುಗ ಉಳಿದಿರುವುದನ್ನು ಕಂಡು ಡೋಲಿನವರತ್ತ ಕಣ್ಣು ಹಾಯಿಸಿದರು; ಮುಗಿಸಲು ಹೊರಟಿದ್ದ ಪ್ರಯೋಗವನ್ನೇ ಎತ್ತಿಕೊಂಡು ತಾರಸ್ಥಾಯಿಗೆ ಏರಿದರು. ಊಟಕ್ಕೆ ಕರೆಯಲು ಬಂದ ಹುಡುಗನೂ ಕಂಬಕ್ಕೊರಗಿ ನಿಂತ.