ಹೊಲದಲ್ಲಿ ಒಂದು ಹಳೆಯ ನಾಣ್ಯ ಸಿಕ್ಕರೆ ಕೆಳಗೆ ನಿಧಿ ಇದೆಯೇ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹೊಲಗಳಲ್ಲಿ ಹಳೆಯ ನಾಣ್ಯ ಸಿಕ್ಕರೆ ಅದರ ಕೆಳಗೆ ಚಾಲುಕ್ಯರ ನಿಧಿ ಇರುತ್ತದೆ, 'ಗೋಲ್ಡ್ ಡಿಟೆಕ್ಟರ್' ತಂದರೆ ಚಿನ್ನ ಎಲ್ಲಿದೆ ಎಂದು ತೋರಿಸುತ್ತದೆ ಎನ್ನುವ ಮಾತುಗಳನ್ನು ನೀವೂ ಕೇಳಿರಬಹುದು. ಇದರಲ್ಲಿ ಎಷ್ಟು ನಿಜ?

ಮೊದಲು ಯಂತ್ರದ ವಿಷಯ. ಮೆಟಲ್ ಡಿಟೆಕ್ಟರ್ ಚಿನ್ನವನ್ನು ಗುರುತಿಸುವುದಿಲ್ಲ. ಅದರ ತಂತಿಸುರುಳಿಯ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಹರಿಸುತ್ತದೆ, ಆ ಪ್ರತಿಕ್ರಿಯೆಗೆ ಯಂತ್ರ ಸದ್ದು ಮಾಡುತ್ತದೆ. ತೆಳುವಾದ ಚಿನ್ನದುಂಗುರಕ್ಕೂ ಮಾತ್ರೆ ಪಟ್ಟಿಯ ಅಲ್ಯೂಮಿನಿಯಂ ಹಾಳೆಗೂ ಬರುವ ಸದ್ದು ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಯಂತ್ರಕ್ಕೆ ನಾಣ್ಯದಷ್ಟು ಸಣ್ಣ ವಸ್ತು ಒಂದು ಗೇಣಿನ ಆಚೆ ಸಿಗುವುದೇ ಕಷ್ಟ. ಬೀದರ್ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಬರೀ ಕಲ್ಲಿಗೂ ಅದು ಕೂಗಬಹುದು.

ಹಾಗಾದರೆ ಮೊದಲು ಸಿಗುವುದೇನು? ಹೆಚ್ಚಾಗಿ ಮೊಳೆ, ಟ್ರ್ಯಾಕ್ಟರ್ ನಟ್ಟು, ಗುಟ್ಕಾ ಚೀಟಿ. ಅರ್ಧಚಂದ್ರದಂತಹ ತೂತುಗಳಿರುವ ಕಬ್ಬಿಣದ ಪಟ್ಟಿ ಸಿಕ್ಕರೆ ಅದು ಯಾವ ರಾಜನ ಆಯುಧವೂ ಅಲ್ಲ, ಎತ್ತಿನ ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ತುಂಡು ಹೊಡೆಯುತ್ತಾರೆ.

ನಾಣ್ಯವೇ ಸಿಕ್ಕಿತು ಎನ್ನೋಣ. ಈ ಪ್ರದೇಶ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆದ್ದರಿಂದ ನಿಜಾಮರ ನಾಣ್ಯ ಸಿಗುವುದರಲ್ಲಿ ಅಚ್ಚರಿಯಿಲ್ಲ. ಬೆಳ್ಳಿಯ ರೂಪಾಯಿಯಲ್ಲಿ ಚಾರ್‌ಮಿನಾರ್ ಕಾಣುತ್ತದೆ, ಎರಡು ಪೈಯಂತಹ ಸಣ್ಣ ನಾಣ್ಯದಲ್ಲಿ ಬಳ್ಳಿಯಂತೆ ಹೆಣೆದ ಅಕ್ಷರ. ತಪ್ಪಾಗುವುದು ಇಸವಿಯಲ್ಲಿ. ಉರ್ದು ಬಲ್ಲ ಹಿರಿಯರು '1344' ಎಂದು ಓದಿ ಹೇಳುತ್ತಾರೆ, ಕೂಡಲೇ 'ಬಹಮನಿಗಳಿಗಿಂತ ಹಳೆಯದು' ಎಂಬ ಮೆಸೇಜ್ ಹೊರಡುತ್ತದೆ. ಅದು ಹಿಜರಿ ವರ್ಷ, ನಮ್ಮ ಲೆಕ್ಕದಲ್ಲಿ 1925-26. ಅಜ್ಜನ ಕಾಲದ ಚಿಲ್ಲರೆ!

ಬಹಮನಿ ಸುಲ್ತಾನರ ತಾಮ್ರದ ನಾಣ್ಯ ಬೇರೆ ಥರ: ದಪ್ಪ, ಅಂಚು ಸೊಟ್ಟ, ಚಿತ್ರವಿಲ್ಲ, ಅರಬ್ಬಿ ಅಕ್ಷರಗಳು ಅರ್ಧಂಬರ್ಧ. ಚಾಲುಕ್ಯರು ಕಲ್ಯಾಣದಿಂದ ಆಳಿದ್ದು ನಿಜ, ಶಾಸನಗಳಲ್ಲಿ ಗದ್ಯಾಣದ ಮಾತು ಬರುವುದೂ ನಿಜ. ಆದರೆ ಚಿನ್ನದ ಗದ್ಯಾಣವನ್ನು ಯಾರೂ ಹೊಲದಲ್ಲಿ ಚೆಲ್ಲಾಡುತ್ತಿರಲಿಲ್ಲ.

ಬಿಡಿ ನಾಣ್ಯ ಹೊಲಕ್ಕೆ ಬರುವ ದಾರಿ ಸಾದಾ. ಮನೆಯಲ್ಲಿ ಬಿದ್ದ ಬಿಲ್ಲೆ ಕಸದ ಜೊತೆ ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರದ ಬಂಡಿಯಲ್ಲಿ ಹೊಲಕ್ಕೆ. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟಾಗ ಅದು ಒಳಗಿಳಿಯುತ್ತದೆ, ನೇಗಿಲು ಮತ್ತೆ ಮೇಲೆ ತರುತ್ತದೆ. ಅದನ್ನು ನಂಬಿ ಬೆಳೆ ಇರುವ ನೆಲ ಅಗೆಸಬೇಡಿ, ಪೂಜೆ ಮಾಡಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ.

ಸಿಕ್ಕಿದ್ದನ್ನು ಹುಣಸೆಹುಳಿ ಹಚ್ಚಿ ತಿಕ್ಕಲೂಬೇಡಿ. ಹಸಿರು ಪೊರೆಯ ಜೊತೆ ಅಕ್ಷರವೂ ಹೋಗುತ್ತದೆ. ಒಣಗಿದ ಕಾಗದದಲ್ಲಿ ಸುತ್ತಿ, ಯಾವ ಸರ್ವೆ ನಂಬರ್, ಎಷ್ಟು ಆಳ ಎಂದು ಬರೆದಿಡಿ. ಇತಿಹಾಸ ಬರೆಯುವವರಿಗೆ ನಾಣ್ಯದಷ್ಟೇ ಈ ವಿವರವೂ ಬೇಕು.

ಕುಡಿಕೆ, ಹಲವು ನಾಣ್ಯ ಅಥವಾ ಆಭರಣ ಒಟ್ಟಿಗೆ ಕಂಡರೆ ಕೈ ಹಾಕದೆ ತಹಶೀಲ್ದಾರ್ ಕಚೇರಿಗೆ ತಿಳಿಸಿ, ಜಿಲ್ಲಾಧಿಕಾರಿಗೆ ಲಿಖಿತ ಮಾಹಿತಿ ಕೊಡಿ. 1878ರ ಕೇಂದ್ರ ನಿಧಿ ಕಾಯ್ದೆಯಲ್ಲದೆ ಕರ್ನಾಟಕದ್ದೇ 1962ರ ಕಾಯ್ದೆಯೂ ಇದೆ. ಹೊಲ ನಿಮ್ಮದೇ ಆದರೂ ಮುಚ್ಚಿಡುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಬಸವಕಲ್ಯಾಣದ ಕೋಟೆ, ಜಲಸಂಗ್ವಿಯ ಗುಡಿಯಂತಹ ಸ್ಮಾರಕಗಳ ಬಳಿಗೆ ಯಂತ್ರ ಹಿಡಿದು ಹೋಗುವುದಂತೂ ಬೇಡವೇ ಬೇಡ.

ಇನ್ನು ರಾಮ-ಸೀತೆ, ಹನುಮಂತನ ಚಿತ್ರವಿರುವ '1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ'ಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಫಾರ್ವರ್ಡ್: ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ, ಅವು ಈಚೆಗೆ ಮಾಡಿದ ಬಿಲ್ಲೆಗಳು. ಹಳೆಯ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.