ಎಲೆಯೆಂಬ ಅಡಿಗೆಮನೆ

ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಸಿಯಾಲ್ದಾದ ಒಂದು ಬಾಡಿಗೆಯ ಕೋಣೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವ ನಮ್ಮ ಕಡೆಯ ತರುಣನೊಬ್ಬನನ್ನು ಈಚೆಗೆ ನಾವು ಕಂಡೆವು. ಕೈಯಲ್ಲಿದ್ದ ಪಾಠಪುಸ್ತಕದಿಂದ ‘ಟ್ರೀಸ್ ಮೇಕ್ ದೇರ್ ಓನ್ ಫುಡ್’ ಎಂಬ ವಾಕ್ಯವನ್ನು ಅವನು ತಪ್ಪಿಲ್ಲದೆ ಓದಿದನು. ಮರಗಳು, ಮಾಡುತ್ತವೆ, ತಮ್ಮ, ಸ್ವಂತ, ಆಹಾರ ಎಂದು ಒಂದೊಂದು ಪದಕ್ಕೂ ಅರ್ಥ ಹೇಳಿದನು. ಆಮೇಲೆ ಸಂಕೋಚದಿಂದ, “ಪದಗಳೆಲ್ಲ ಗೊತ್ತು ಸ್ವಾಮೀ, ಮಾತು ಮಾತ್ರ ತಿಳಿಯಲಿಲ್ಲ. ಮರ ಅಡಿಗೆ ಮಾಡುವುದೆಂದರೇನು? ಗೊಬ್ಬರ ಹಾಕುತ್ತೇವಲ್ಲ, ಅದೇ ಅದರ ಊಟವಲ್ಲವೇ?” ಎಂದು ಕೇಳಿದನು.

ಇದು ನಾಚಿಕೆಪಡತಕ್ಕ ಪ್ರಶ್ನೆಯಲ್ಲ. ಮರವು ಮಣ್ಣನ್ನು ತಿಂದು ಬೆಳೆಯುತ್ತದೆಂದು ಯೂರೋಪಿನ ಪಂಡಿತರೂ ಬಹುಕಾಲ ನಂಬಿದ್ದರು. ಅದನ್ನು ಪರೀಕ್ಷಿಸಲು ಹೊರಟವನು, ಇಂದಿನ ಬೆಲ್ಜಿಯಂ ದೇಶದವನಾದ ವಾನ್ ಹೆಲ್ಮಾಂಟ್. ಅವನು 200 ಪೌಂಡು ಒಣಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ವಿಲೋ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಎರೆದನು. ಕೊನೆಗೆ ತೂಗಿ ನೋಡಿದಾಗ ಮರವು 169 ಪೌಂಡು ಮೀರಿತ್ತು. ಮಣ್ಣಿನಲ್ಲಿ ಕಡಮೆಯಾದದ್ದು ಸುಮಾರು ಎರಡು ಔನ್ಸು ಮಾತ್ರ! ಅವನು ತೀರಿಕೊಂಡ ಮೇಲೆ, 1648ರಲ್ಲಿ ಈ ವೃತ್ತಾಂತವು ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತಿಳಿದನು. ಅದು ಅರ್ಧ ಸತ್ಯ. ಉಳಿದರ್ಧವು ಅವನ ಸುತ್ತ ಸುಳಿಯುತ್ತಿದ್ದ ಗಾಳಿಯಲ್ಲಿತ್ತು.

ದೀಪವನ್ನು ನಂದಿಸಿದ ಕೆಟ್ಟ ಗಾಳಿಯನ್ನು ಪುದೀನದ ಒಂದು ಟೊಂಗೆಯು ಮತ್ತೆ ಶುದ್ಧಗೊಳಿಸುವುದನ್ನು ಇಂಗ್ಲೆಂಡಿನ ಪ್ರೀಸ್ಟ್‌ಲಿಯು 1771ರಲ್ಲಿ ಕಂಡನು. ಈ ಕೆಲಸವು ಬಿಸಿಲಿನಲ್ಲಿ ಮಾತ್ರ, ಅದೂ ಸಸ್ಯದ ಹಸುರು ಭಾಗಗಳಿಂದ ಮಾತ್ರ ನಡೆಯುವುದೆಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದನು. ಸೋಸ್ಯೂರ್ ಎಂಬವನು 1804ರಲ್ಲಿ ನೀರಿನ ಪಾಲನ್ನೂ ಲೆಕ್ಕಹಾಕಿ ಸ್ಥಿರಪಡಿಸಿದನು.

ಇನ್ನು ನಮ್ಮ ವಾಚಕರಿಗೆ ಚಿರಪರಿಚಿತವಾದ ಅಡಿಗೆಮನೆಯ ಮಾತಿನಲ್ಲಿಯೇ ಹೇಳೋಣ. ಎಲೆಯೇ ಅಡಿಗೆಮನೆ. ಬೇರು ನೀರು ಹೊತ್ತು ತರುವ ಆಳು. ಎಲೆಯ ಮೈಮೇಲೆ, ವಿಶೇಷವಾಗಿ ಅದರ ಅಡಿಭಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ, ಇವೇ ಪತ್ರರಂಧ್ರಗಳು. ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವು ಈ ಬಾಗಿಲುಗಳಿಂದ ಒಳಗೆ ಬರುತ್ತದೆ. ಹತ್ತು ಸಾವಿರ ಭಾಗ ಗಾಳಿಯಲ್ಲಿ ಅದು ಇರುವುದು ಸುಮಾರು ನಾಲ್ಕೇ ಭಾಗ. ಆ ಅಲ್ಪವನ್ನೇ ಆಯ್ದುಕೊಂಡು ಮರವು ಆಕಾಶದೆತ್ತರಕ್ಕೆ ಬೆಳೆಯುತ್ತದೆ! ಒಲೆಯ ಉರಿ ಸೂರ್ಯನದು. ಆ ಉರಿಯನ್ನು ಹಿಡಿದು ಕೆಲಸಕ್ಕೆ ಹಚ್ಚುವ ಅಡಿಗೆಯವನೆಂದರೆ ಎಲೆಗೆ ಹಸುರು ಬಣ್ಣವನ್ನಿತ್ತ ಪತ್ರಹರಿತ್ತು. ನೀರಿನ ಆರು ಅಣು, ಆ ಅನಿಲದ ಆರು ಅಣು ಸೇರಿ ಸಕ್ಕರೆಯ ಒಂದು ಅಣುವಾಗುತ್ತದೆ. ಆಮ್ಲಜನಕದ ಆರು ಅಣುಗಳು ಹೊರಬೀಳುತ್ತವೆ. ಅಡಿಗೆಮನೆಯಿಂದ ಹೊಗೆ ಬರುವುದುಂಟು. ಈ ಅಡಿಗೆಮನೆಯಿಂದ ಹೊರಡುವುದು ನಮ್ಮ ಪ್ರಾಣವಾಯು.

ಈ ಸಕ್ಕರೆಯಲ್ಲಿ ಕೆಲಭಾಗವನ್ನು ಮರವು ಆಗಲೇ ಉಣ್ಣುತ್ತದೆ. ಕೆಲಭಾಗದಿಂದ ಕಾಂಡವನ್ನು ಕಟ್ಟಿಕೊಳ್ಳುತ್ತದೆ. ಮಿಕ್ಕದ್ದನ್ನು ಪಿಷ್ಟವಾಗಿಸಿ ಉಗ್ರಾಣದಲ್ಲಿಡುತ್ತದೆ. ಸಿಯಾಲ್ದಾದ ಕೋಲೆ ಮಾರುಕಟ್ಟೆಯಲ್ಲಿ ಇಳಿಯುವ ಆಲೂಗಡ್ಡೆಯ ಮೂಟೆಗಳು ಅಂತಹ ಉಗ್ರಾಣಗಳೇ. ಮಸಾಲೆದೋಸೆಯ ಅಕ್ಕಿ, ಉದ್ದು, ಒಳಗಿನ ಪಲ್ಯ ಎಲ್ಲವೂ ಮೊದಲು ಯಾವುದೋ ಎಲೆಯಲ್ಲಿ ಬೆಂದು ಬಂದವೇ. ಹಾಗಾದರೆ ಗೊಬ್ಬರವೇನು? ಅದು ಅಡಿಗೆಗೆ ಉಪ್ಪಿದ್ದಂತೆ. ಇಲ್ಲದೆ ನಡೆಯದು, ಆದರೆ ಉಪ್ಪನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡವರುಂಟೇ?

ಇಂಗ್ಲಿಷ್ ಕಲಿಯುವ ಕಿರಿಯರು ಇಲ್ಲೊಂದು ಪದವನ್ನು ಬರೆದಿಟ್ಟುಕೊಳ್ಳಲಿ: ಫೋಟೋಸಿಂಥೆಸಿಸ್. ಉದ್ದವಾಯಿತೆಂದು ಹೆದರಬೇಕಾಗಿಲ್ಲ. ‘ಫೋಟೋ’ ಎಂದರೆ ಗ್ರೀಕಿನಲ್ಲಿ ಬೆಳಕು, ‘ಸಿಂಥೆಸಿಸ್’ ಎಂದರೆ ಕೂಡಿಸುವುದು. ಬೆಳಕಿನಿಂದ ಕೂಡಿಸುವುದೇ ಫೋಟೋಸಿಂಥೆಸಿಸ್, ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ. ಅರ್ಥ ಒಳಗಿಳಿದರೆ ಕಾಗುಣಿತ ತಾನಾಗಿ ನಿಲ್ಲುವುದು.

ಈ ವಿದ್ಯೆಗೂ ಸಿಯಾಲ್ದಾಕ್ಕೂ ಇರುವ ನಂಟನ್ನು ನಮ್ಮವರಲ್ಲಿ ಬಹಳ ಮಂದಿ ಅರಿಯರು. ನಿಲ್ದಾಣದಿಂದ ಉತ್ತರಕ್ಕೆ ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ನಡೆದರೆ, ರಾಜಾಬಜಾರದ ಸಮೀಪದಲ್ಲಿ, ಜಗದೀಶಚಂದ್ರ ಬೋಸರು 1917ರ ನವೆಂಬರ್ 30ರಂದು ಸ್ಥಾಪಿಸಿದ ಬೋಸ್ ಸಂಸ್ಥೆಯಿದೆ. ಬಂಗಾಳದ ಕೊಳಗಳಲ್ಲಿ ಸಾಮಾನ್ಯವಾಗಿ ಬೆಳೆಯುವ ಹೈಡ್ರಿಲ್ಲಾ ಎಂಬ ನೀರುಗಿಡವನ್ನು ಬೋಸರು ಪರೀಕ್ಷೆಗೆ ಆರಿಸಿಕೊಂಡರು. ಬಿಸಿಲಿನಲ್ಲಿ ಅದರಿಂದ ಆಮ್ಲಜನಕದ ಗುಳ್ಳೆಗಳೇಳುತ್ತವೆ. ಗುಳ್ಳೆಯೊಂದು ಹೊರಬಿದ್ದಾಗಲೆಲ್ಲ ತಾನಾಗಿಯೇ ಗುರುತು ಬೀಳುವಂತಹ ಯಂತ್ರವನ್ನು ಅವರು ನಿರ್ಮಿಸಿದರು. ಗಿಡದಿಂದಲೇ ಅದರ ದುಡಿಮೆಯ ಲೆಕ್ಕವನ್ನು ಬರೆಯಿಸಿದರೆನ್ನಬೇಕು. ಬೇಸಿಗೆಯ ಹೈಡ್ರಿಲ್ಲಾ ಚಳಿಗಾಲದ್ದರಂತೆ ಇರುವುದಿಲ್ಲವೆಂದೂ, ಅದರಲ್ಲಿ ಮ್ಯಾಲಿಕ್ ಆಮ್ಲಕ್ಕೆ ವಿಶೇಷ ಪಾತ್ರವಿದೆಯೆಂದೂ ಅವರು ಕಂಡುಕೊಂಡರು. ಇವೆಲ್ಲವೂ 1924ರಲ್ಲಿ ಗ್ರಂಥವಾಗಿ ಹೊರಬಂದುವು. ಅದರ ಪೂರ್ಣ ಬೆಲೆಯು ವಿಜ್ಞಾನಿಗಳಿಗೆ ತಿಳಿದುಬಂದದ್ದು ಎಷ್ಟೋ ದಶಕಗಳ ಮೇಲೆ.

ಇಂತಹ ಬೋಸರ ತಂದೆ ಸರಕಾರದ ದೊಡ್ಡ ಹುದ್ದೆಯಲ್ಲಿದ್ದರೂ, ಮಗನನ್ನು ಮೊದಲು ಕಳುಹಿಸಿದ್ದು ಇಂಗ್ಲಿಷ್ ಶಾಲೆಗಲ್ಲ, ಬಂಗಾಳಿ ಪಾಠಶಾಲೆಗೆ. ಅಲ್ಲಿ ಬೆಸ್ತನ ಮಗನೂ ಜವಾನನ ಮಗನೂ ಪಕ್ಕದಲ್ಲಿ ಕುಳಿತಿದ್ದರು. ಅವರಿಂದ ಕೇಳಿದ ಪ್ರಾಣಿಪಕ್ಷಿಗಳ ಕಥೆಗಳು ತಮ್ಮಲ್ಲಿ ಪ್ರಕೃತಿಯ ಕುತೂಹಲವನ್ನು ಬೆಳೆಸಿದುವೆಂದು ಬೋಸರು ಮುಂದೆ ಸ್ಮರಿಸಿದರು. ಲೋಕಕ್ಕೆಲ್ಲ ಇಂಗ್ಲಿಷಿನಲ್ಲಿ ಬರೆದ ಅವರು 1921ರಲ್ಲಿ ‘ಅವ್ಯಕ್ತ’ವೆಂಬ ಪ್ರಬಂಧ ಸಂಗ್ರಹವನ್ನು ಬಂಗಾಳಿಯಲ್ಲಿ ಪ್ರಕಟಿಸಿದರು. ತಾಯ್ನುಡಿಯಲ್ಲಿ ತಿಳಿದುಕೊಂಡು ಪರಭಾಷೆಯಲ್ಲಿ ಗೆಲ್ಲುವ ಈ ದಾರಿಯು ಪರಸ್ಥಳದಲ್ಲಿರುವ ನಮ್ಮ ತರುಣರಿಗೂ ತೆರೆದಿದೆ. ಇಂಗ್ಲಿಷ್ ಬೇಕು, ಅದು ಬಡ್ತಿಗೆ ಬೇಕು, ಅರ್ಜಿಗೆ ಬೇಕು. ಆದರೆ ಅರ್ಥವಿಲ್ಲದ ಪದಗಳನ್ನು ಎಷ್ಟು ಕೂಡಿಟ್ಟರೂ ಅದು ನಡೆಯದ ನಾಣ್ಯವನ್ನು ಪೆಟ್ಟಿಗೆಯಲ್ಲಿ ತುಂಬಿದಂತೆ.

ನಾವು ಆ ತರುಣನಿಗೆ ಒಂದು ಕೆಲಸವನ್ನು ಹೇಳಿಬಂದೆವು. ಗಾಜಿನ ಲೋಟದಲ್ಲಿ ನೀರು ತುಂಬಿ, ಕೊಳದ ನೀರಿನೊಳಗೆ ಬೆಳೆಯುವ ಹಸುರು ಗಿಡದ ತುಂಡೊಂದನ್ನು ಮುಳುಗಿಸಿ, ಕಿಟಕಿಯ ಬಿಸಿಲಿಗೆ ಇಡುವುದು, ಗುಳ್ಳೆಗಳನ್ನು ಎಣಿಸುವುದು, ನೆರಳಿಗೆ ಸರಿಸಿ ಮತ್ತೆ ಎಣಿಸುವುದು. ಮುಂದಿನ ವಾರ ಹೋದಾಗ ಅವನೇ ಬಾಗಿಲಿಗೆ ಬಂದು, “ನೆರಳಿಗಿಟ್ಟರೆ ಗುಳ್ಳೆ ಕಡಮೆಯಾಗುತ್ತದೆ ಸ್ವಾಮೀ! ಉರಿ ತಗ್ಗಿದರೆ ಅಡಿಗೆಯೂ ನಿಂತಂತೆ,” ಎಂದನು. ಪುಸ್ತಕವನ್ನು ತೆಗೆದು ಅದೇ ವಾಕ್ಯವನ್ನು ಮತ್ತೊಮ್ಮೆ ಓದಿದನು. ಈ ಸಲ ಅವನು ಅರ್ಥವನ್ನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.